ಮಣ್ಣು ಮುಚ್ಚುವ ಮೊದಲು

ಕಟ್ಟುವ ಕೆಲಸದಲ್ಲಿ ಇಂದಿನ ಕೆಲಸ ನಿನ್ನೆಯ ಕೆಲಸವನ್ನು ಮುಚ್ಚಿಹಾಕುತ್ತದೆ. ಪಾಯದ ಗುಂಡಿಗೆ ಕಾಂಕ್ರೀಟ್ ಬಿದ್ದ ಮೇಲೆ ಗುಂಡಿ ಎಷ್ಟು ಆಳವಿತ್ತು ಎಂದು ಇಣುಕಿ ನೋಡಲು ಬರುವುದಿಲ್ಲ. ಸ್ಲ್ಯಾಬ್ ಹಾಕಿದ ಮೇಲೆ ಕಂಬಿಗಳನ್ನು ಎಷ್ಟು ಅಂತರಕ್ಕೆ ಕಟ್ಟಿದ್ದರು ಎಂಬುದು ಕಂಬಿ ಕಟ್ಟಿದವನಿಗೆ ಮಾತ್ರ ಗೊತ್ತು. ಡಾಂಬರು ಹಾಸಿದ ರಸ್ತೆಯ ಅಡಿಯಲ್ಲಿ ಜಲ್ಲಿ ಎಷ್ಟು ದಪ್ಪಕ್ಕಿದೆ, ಅದರ ಅಡಿಯ ಮಣ್ಣನ್ನು ಎಷ್ಟು ಸಲ ರೋಲರ್ ತುಳಿದಿದೆ ಎಂಬುದು ರಸ್ತೆ ಕುಸಿದ ದಿನವೇ ಹೊರಬೀಳುವುದು. ಸಾರ್ವಜನಿಕ ಕಾಮಗಾರಿಗಳ ಬಗ್ಗೆ ನಮ್ಮಲ್ಲಿ ಇಷ್ಟೊಂದು ಸಂಶಯ, ಇಷ್ಟೊಂದು ತಕರಾರು ಇರುವುದಕ್ಕೆ ಭ್ರಷ್ಟಾಚಾರದಷ್ಟೇ ದೊಡ್ಡ ಕಾರಣ ಇದು: ಸಾಕ್ಷ್ಯ ಮಣ್ಣಿನಡಿ ಹೋಗಿರುತ್ತದೆ.

ಈ ಕಷ್ಟಕ್ಕೆ ಹಳೆಯ ಕಾಲದವರು ಕಂಡುಕೊಂಡ ಪರಿಹಾರ ಅಳತೆ ಪುಸ್ತಕ. ಇಲಾಖೆಯಲ್ಲಿ ಎಲ್ಲರ ಬಾಯಲ್ಲೂ ಅದು 'ಎಂ.ಬಿ.' ಕಿರಿಯ ಎಂಜಿನಿಯರ್ (ಜೆ.ಇ.) ಸ್ಥಳಕ್ಕೆ ಹೋಗಿ, ಟೇಪು ಹಿಡಿದು, ಲೆವೆಲ್ ಹಾಕಿ, ಉದ್ದ ಅಗಲ ಆಳ ಬರೆಯುತ್ತಾರೆ. ಮೇಲಿನವರು ಒಂದಿಷ್ಟನ್ನು ಮತ್ತೆ ಅಳೆದು ಸಹಿ ಹಾಕುತ್ತಾರೆ. ಆ ಪುಟದ ಮೇಲೆ ಬಿಲ್ಲು ಏಳುತ್ತದೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಒಬ್ಬ ಜೆ.ಇ. ತಲೆಯ ಮೇಲೆ ಹಲವು ಊರಿನ ಹಲವು ಕಾಮಗಾರಿ ಇರುತ್ತವೆ. ಎಷ್ಟೇ ಪ್ರಾಮಾಣಿಕರಾದರೂ ಗುಂಡಿ ತೋಡಿದ ದಿನವೂ ಮುಚ್ಚಿದ ದಿನವೂ ಎಲ್ಲ ಕಡೆ ನಿಂತಿರಲು ಅವರಿಂದಾಗದು. ಮೂರು ವರ್ಷದ ನಂತರ ತನಿಖೆಯೋ ವ್ಯಾಜ್ಯವೋ ಬಂದರೆ ಪುಸ್ತಕದಲ್ಲಿ ಅಂಕಿ ಸಿಗುತ್ತದೆ, ಆ ಅಂಕಿಯ ಹಿಂದಿದ್ದ ನೆಲ ಸಿಗುವುದಿಲ್ಲ.

ಕಾಮಗಾರಿಯ ಮೇಲೆ ಡ್ರೋನ್ ಹಾರಿಸುವುದರ ನಿಜವಾದ ಲಾಭವನ್ನು ನಾನು ಇಲ್ಲಿ ಕಾಣುತ್ತೇನೆ. ನೆಲ ಹೇಗಿತ್ತು ಎಂಬುದನ್ನು ಅದು ಮುಚ್ಚಿಹೋಗುವ ಮೊದಲೇ, ತಾರೀಖು ಹಾಕಿ, ಇಡಿಯಾಗಿ ತೆಗೆದಿಡಬಹುದು. ಮದುವೆ ವಿಡಿಯೊದಲ್ಲಿ ಮಂಟಪದ ಮೇಲೆ ಸುತ್ತುವ ಯಂತ್ರವೇ ಇದೂ ಎಂದು ಬಹಳ ಜನ ತಿಳಿದಿದ್ದಾರೆ. ಯಂತ್ರ ಹೆಚ್ಚೂಕಡಿಮೆ ಅದೇ ಇರಬಹುದು, ಮಾಡುವ ಕೆಲಸ ಬೇರೆ. ಆ ಕೆಲಸವನ್ನು ಸರಿಯಾಗಿ ಮಾಡಿಸಿಕೊಳ್ಳುವುದು ಹೇಗೆಂದು ತೆರಿಗೆ ಕೊಡುವ ನಾವು ತಿಳಿದುಕೊಂಡಿರಬೇಕು.

ರಾಷ್ಟ್ರೀಯ ಹೆದ್ದಾರಿ ಕಾಮಗಾರಿಗಳಲ್ಲಿ ಇದಕ್ಕೆ ಸರ್ಕಾರಿ ಮುದ್ರೆ ಬಿದ್ದದ್ದು 2021ರ ಜೂನ್‌ನಲ್ಲಿ. ರಾಷ್ಟ್ರೀಯ ಹೆದ್ದಾರಿ ಯೋಜನೆಗಳನ್ನು ತಿಂಗಳಿಗೊಮ್ಮೆ ಡ್ರೋನ್‌ನಿಂದ ವಿಡಿಯೊ ಮಾಡುವುದನ್ನು ಭಾರತೀಯ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಆಗ ಕಡ್ಡಾಯ ಮಾಡಿತು. ಯೋಜನೆ ರೂಪುಗೊಳ್ಳುವಾಗ, ಕಟ್ಟುವಾಗ, ಕಟ್ಟಿದ ಮೇಲೆ ನಿರ್ವಹಣೆ ಮಾಡುವಾಗ, ಹೀಗೆ ಮೂರೂ ಹಂತಕ್ಕೆ ಇದು ಅನ್ವಯ. ಗುತ್ತಿಗೆದಾರರು ಮೇಲ್ವಿಚಾರಣಾ ಸಲಹೆಗಾರರ ತಂಡದ ಮುಖ್ಯಸ್ಥರ ಸಮಕ್ಷಮದಲ್ಲೇ ವಿಡಿಯೊ ಮಾಡಿಸಬೇಕು. ಹೋದ ತಿಂಗಳದ್ದನ್ನೂ ಈ ತಿಂಗಳದ್ದನ್ನೂ ಹೋಲಿಸುವಂತೆ ಜೋಡಿಸಿ ಪ್ರಾಧಿಕಾರದ 'ಡೇಟಾ ಲೇಕ್' ಎಂಬ ಆನ್‌ಲೈನ್ ಭಂಡಾರಕ್ಕೆ ಏರಿಸಬೇಕು. ಸಲಹೆಗಾರರು ಅದನ್ನು ನೋಡಿ ಅಭಿಪ್ರಾಯ ಬರೆಯಬೇಕು. ಒಪ್ಪಂದಕ್ಕೆ ಸಹಿ ಬಿದ್ದ ದಿನದಿಂದ ಕೆಲಸ ಶುರುವಾಗುವವರೆಗೆ, ಮತ್ತೆ ರಸ್ತೆ ಬಳಕೆಗೆ ಬಂದ ದಿನದಿಂದ ವ್ಯಾಜ್ಯಗಳೆಲ್ಲ ಮುಗಿಯುವವರೆಗೆ ಈ ಸರ್ವೇ ಮಾಡಿಸುವ ಹೊಣೆ ಯೋಜನಾ ನಿರ್ದೇಶಕರದ್ದು.

ವ್ಯಾಜ್ಯ ಮುಗಿಯುವವರೆಗೆ ಎಂಬ ಮಾತನ್ನು ಗಮನಿಸಬೇಕು. ಮಧ್ಯಸ್ಥಿಕೆ ನ್ಯಾಯಮಂಡಳಿಯಲ್ಲಿ, ಕೋರ್ಟಿನಲ್ಲಿ ಈ ವಿಡಿಯೊಗಳನ್ನು ಸಾಕ್ಷ್ಯವಾಗಿ ಬಳಸಬಹುದೆಂದು ಪ್ರಾಧಿಕಾರವೇ ಹೇಳಿತ್ತು. ಹೆದ್ದಾರಿ ಗುತ್ತಿಗೆಗಳಲ್ಲಿ ಜಗಳ ಯಾವಾಗಲೂ ಇರುವಂಥದ್ದು. ಜಾಗ ಸಮಯಕ್ಕೆ ಬಿಟ್ಟುಕೊಡಲಿಲ್ಲ ಎಂದು ಗುತ್ತಿಗೆದಾರ, ಜಾಗ ಇದ್ದರೂ ಯಂತ್ರ ತರಲಿಲ್ಲ ಎಂದು ಪ್ರಾಧಿಕಾರ. ಮಾರ್ಚ್ ತಿಂಗಳಲ್ಲಿ ಆ ಎರಡು ಕಿಲೋಮೀಟರ್ ಖಾಲಿ ಬಿದ್ದಿತ್ತೋ, ಅಲ್ಲಿ ಮನೆ ಮರ ವಿದ್ಯುತ್ ಕಂಬ ನಿಂತಿದ್ದವೋ ಎಂಬುದಕ್ಕೆ ಮೇಲಿನಿಂದ ತೆಗೆದ ಹತ್ತು ನಿಮಿಷದ ಚಿತ್ರ ನೂರು ಪುಟದ ಪತ್ರವ್ಯವಹಾರಕ್ಕಿಂತ ಚೆನ್ನಾಗಿ ಉತ್ತರ ಹೇಳುತ್ತದೆ. ಅಷ್ಟರಮಟ್ಟಿಗೆ ಈ ನಿಯಮ ಒಳ್ಳೆಯದು.

ಆದರೆ ವಿಡಿಯೊ ಅಳತೆಯಲ್ಲ. ಎಲ್ಲಿ ಕೆಲಸ ನಡೆದಿದೆ ಎಂದು ವಿಡಿಯೊ ತೋರಿಸುತ್ತದೆ. ಎಷ್ಟು ನಡೆದಿದೆ ಎಂದು ಹೇಳಬೇಕಾದರೆ ಡ್ರೋನ್ ಬೇರೆಯೇ ರೀತಿಯಲ್ಲಿ ಹಾರಬೇಕು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಹಣ ಸೋರುವುದು ಈ ವ್ಯತ್ಯಾಸ ತಿಳಿಯದ ಕಡೆ.

ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಲು ಹೋದರೆ ದಾರ ಸೂಜಿಯ ಆಚೆಗೋ ಈಚೆಗೋ ಹೋಗುತ್ತದೆ. ದೂರ ಎಷ್ಟೆಂದು ತಿಳಿಯಲು ಎರಡು ಜಾಗದಿಂದ ನೋಡಬೇಕು. ಡ್ರೋನ್ ಮಾಡುವುದೂ ಇದನ್ನೇ. ಗದ್ದೆ ಉಳುವ ಸಾಲಿನಂತೆ ಹಿಂದೆ ಮುಂದೆ ಹಾರುತ್ತ ಕೆಳಮುಖವಾಗಿ ನೂರಾರು ಫೋಟೊ ತೆಗೆಯುತ್ತದೆ. ಒಂದು ಫೋಟೊದ ಮುಕ್ಕಾಲು ಭಾಗದಷ್ಟು ನೆಲ ಮುಂದಿನ ಫೋಟೊದಲ್ಲೂ ಇರಬೇಕು, ಪಕ್ಕದ ಸಾಲಿನ ಫೋಟೊಗೂ ಅರ್ಧಕ್ಕಿಂತ ಹೆಚ್ಚು ಹೊಂದಿಕೊಂಡಿರಬೇಕು. ಹೀಗಾದಾಗ ನೆಲದ ಮೇಲಿನ ಒಂದೇ ಕಲ್ಲು ಹಲವು ಫೋಟೊಗಳಲ್ಲಿ, ಹಲವು ಕೋನಗಳಿಂದ ಸಿಗುತ್ತದೆ. ಕಂಪ್ಯೂಟರ್ ಅವನ್ನು ಹೊಂದಿಸಿ ಆ ಕಲ್ಲು ಎಲ್ಲಿದೆ, ಎಷ್ಟು ಎತ್ತರದಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಇಂಥ ಲಕ್ಷಾಂತರ ಬಿಂದುಗಳು ಸೇರಿ ನೆಲದ ಒಂದು ಮೂರು ಆಯಾಮದ ರೂಪ ಸಿದ್ಧವಾಗುತ್ತದೆ. ಹೋದ ತಿಂಗಳ ರೂಪದಿಂದ ಈ ತಿಂಗಳದ್ದನ್ನು ಕಳೆದರೆ ಎಷ್ಟು ಘನ ಮೀಟರ್ ಮಣ್ಣು ತೆಗೆದರು, ಎಷ್ಟು ತುಂಬಿದರು ಎಂಬುದು ತಿಳಿಯುತ್ತದೆ.

ಹಳೆಯ ಪದ್ಧತಿಯಲ್ಲಿ ಇಪ್ಪತ್ತೋ ಐವತ್ತೋ ಮೀಟರಿಗೊಂದು ಅಡ್ಡ ಸೀಳು ತೆಗೆದು ಲೆವೆಲ್ ಹಾಕಿ, ಎರಡು ಸೀಳುಗಳ ಸರಾಸರಿಯನ್ನು ನಡುವಿನ ದೂರಕ್ಕೆ ಗುಣಿಸುತ್ತಾರೆ. ನಡುವೆ ಹಳ್ಳವಿದ್ದರೂ ದಿಬ್ಬವಿದ್ದರೂ ಲೆಕ್ಕಕ್ಕೆ ಬರುವುದಿಲ್ಲ. ಡ್ರೋನ್ ಆ ನಡುವಿನ ಜಾಗವನ್ನೂ ಬಿಡದೆ ನೋಡುತ್ತದೆ.

ಎಷ್ಟು ಸೂಕ್ಷ್ಮವಾಗಿ? ಒಂದು ಇಂಚಿನ ಸೆನ್ಸರ್, 2 ಕೋಟಿ ಪಿಕ್ಸೆಲ್‌ನ ಸಾಮಾನ್ಯ ಸರ್ವೇ ಕ್ಯಾಮೆರಾ 100 ಮೀಟರ್ ಎತ್ತರದಿಂದ ತೆಗೆದ ಫೋಟೊದಲ್ಲಿ ಒಂದೊಂದು ಚುಕ್ಕೆಯೂ ನೆಲದ ಮೇಲಿನ 2.7 ಸೆಂಟಿಮೀಟರ್ ಜಾಗಕ್ಕೆ ಸಮ. 60 ಮೀಟರಿಗೆ ಇಳಿದರೆ 1.6 ಸೆಂಟಿಮೀಟರ್. ಕೆಳಗಿಳಿದಷ್ಟೂ ವಿವರ ಹೆಚ್ಚು, ಫೋಟೊಗಳೂ ಹೆಚ್ಚು, ಬ್ಯಾಟರಿ ಬದಲಿಸುವುದೂ ಹೆಚ್ಚು. ಎತ್ತರದ ಅಳತೆಯಲ್ಲಿ ಬರುವ ತಪ್ಪು ಅಡ್ಡಳತೆಯ ತಪ್ಪಿಗಿಂತ ಸಾಮಾನ್ಯವಾಗಿ ದೊಡ್ಡದಿರುತ್ತದೆ. ಮಣ್ಣಿನ ಲೆಕ್ಕದಲ್ಲಿ ಮುಖ್ಯವಾಗುವುದು ಎತ್ತರವೇ.

ಅದಕ್ಕಾಗಿ ನೆಲದ ಮೇಲೆ ಅಲ್ಲಲ್ಲಿ ಕಪ್ಪು ಬಿಳಿ ಚೌಕದ ಹಲಗೆ ಇಡುತ್ತಾರೆ, ಅಥವಾ ಬಣ್ಣದಿಂದ ಗುರುತು ಬರೆಯುತ್ತಾರೆ. ಪ್ರತಿ ಗುರುತಿನ ನಿಖರ ಸ್ಥಾನವನ್ನು ನೆಲದ ಮೇಲೆ ನಿಂತೇ ಉಪಕರಣದಿಂದ ಅಳೆದಿರುತ್ತಾರೆ. ಈ ಗುರುತುಗಳೇ ಇಲ್ಲದಿದ್ದರೆ ಮಸೂರದ ಸಣ್ಣ ದೋಷವೂ ಬೆಳೆದು, ಸಮತಟ್ಟಾದ ಅಂಗಳ ನಡುವೆ ಉಬ್ಬಿದಂತೆಯೋ ತಗ್ಗಿದಂತೆಯೋ ಲೆಕ್ಕಕ್ಕೆ ಬರುವುದುಂಟು. ಫೋಟೊ ನೋಡಿದರೆ ಈ ತಪ್ಪು ಕಾಣುವುದೇ ಇಲ್ಲ, ಚಿತ್ರ ಸುಂದರವಾಗಿಯೇ ಇರುತ್ತದೆ. ಒಳ್ಳೆಯ ಸರ್ವೇಯರ್ ಕೆಲವು ಗುರುತುಗಳನ್ನು ಲೆಕ್ಕಕ್ಕೆ ಸೇರಿಸದೆ ಹೊರಗಿಟ್ಟು, ಕೊನೆಯಲ್ಲಿ ಕಂಪ್ಯೂಟರ್ ಹೇಳಿದ ಎತ್ತರವೂ ನೆಲದಲ್ಲಿ ಅಳೆದ ಎತ್ತರವೂ ತಾಳೆಯಾಗುತ್ತವೆಯೇ ಎಂದು ಪರೀಕ್ಷಿಸಿ ವರದಿಯಲ್ಲಿ ಬರೆಯುತ್ತಾರೆ. ಆ ಒಂದು ಪುಟವಿಲ್ಲದ ಡ್ರೋನ್ ಸರ್ವೇ ವರದಿಯನ್ನು ಯಾರೂ ನಂಬಬಾರದು.

ಇದರ ಬೆಲೆ ತಿಳಿಯಬೇಕಾದರೆ ಕೆರೆಗೆ ಹೋಗೋಣ. ಹೂಳೆತ್ತುವ ಕೆಲಸದಷ್ಟು ಅಳೆಯಲು ಕಷ್ಟವಾದ ಕಾಮಗಾರಿ ನಮ್ಮ ರಾಜ್ಯದಲ್ಲಿ ಇನ್ನೊಂದಿಲ್ಲ. ಬೇಸಿಗೆಯಲ್ಲಿ ಜೆಸಿಬಿ ಇಳಿಯುತ್ತದೆ, ಟಿಪ್ಪರ್‌ಗಳು ಓಡಾಡುತ್ತವೆ, ಮಳೆ ಬರುತ್ತದೆ, ನೀರು ನಿಲ್ಲುತ್ತದೆ. ಎಷ್ಟು ಹೂಳು ತೆಗೆದರು ಎಂದು ಕೇಳಿದರೆ ತೋರಿಸಲು ನೀರು ಮಾತ್ರ ಇರುತ್ತದೆ. ಕೆಲಸದ ಮೊದಲು ಒಮ್ಮೆ, ಮುಗಿದ ಮೇಲೆ ಮಳೆಗೆ ಮುನ್ನ ಒಮ್ಮೆ ಡ್ರೋನ್ ಸರ್ವೇ ಮಾಡಿದರೆ ಸಮಸ್ಯೆ ಬಹುಪಾಲು ಮುಗಿಯಿತು. ಆದರೆ 40 ಎಕರೆಯ ಕೆರೆಯಂಗಳದಲ್ಲಿ ಎತ್ತರ ಸರಾಸರಿ 10 ಸೆಂಟಿಮೀಟರ್ ತಪ್ಪಿದರೆ 16,000 ಘನ ಮೀಟರ್ ಮಣ್ಣು ಲೆಕ್ಕದಲ್ಲಿ ಹುಟ್ಟುತ್ತದೆ ಅಥವಾ ಸಾಯುತ್ತದೆ. ಟಿಪ್ಪರಿಗೆ 10 ಘನ ಮೀಟರ್ ಎಂದು ಹಿಡಿದರೂ 1,600 ಲೋಡು.

ಇನ್ನೊಂದು ಅಪಾಯ ಜಾಲಿಯದ್ದು. ಬತ್ತಿದ ಕೆರೆಯ ತುಂಬ ಬಳ್ಳಾರಿ ಜಾಲಿ, ಜೊಂಡು, ಹುಲ್ಲು ಬೆಳೆದಿರುತ್ತವೆ. ಡ್ರೋನ್ ಕ್ಯಾಮೆರಾ ನೋಡುವುದು ಪೊದೆಯ ನೆತ್ತಿಯನ್ನು, ಪೊದೆಯಡಿಯ ನೆಲವನ್ನಲ್ಲ. ಮೊದಲ ಸರ್ವೇಯನ್ನು ಜಾಲಿ ಕಡಿಯುವ ಮುನ್ನ ಮಾಡಿ, ಎರಡನೆಯದನ್ನು ಕಡಿದ ಮೇಲೆ ಮಾಡಿದರೆ ಆಳೆತ್ತರದ ಪೊದೆಯೆಲ್ಲ ತೆಗೆದ ಹೂಳಾಗಿ ಬಿಲ್ಲಿಗೆ ಸೇರುತ್ತದೆ. ಯಾರೂ ಕಳ್ಳ ಲೆಕ್ಕ ಬರೆಯಬೇಕಾಗಿಲ್ಲ, ಯಂತ್ರವೇ ಬರೆದುಕೊಡುತ್ತದೆ. ಎಲೆಗಳ ಸಂದಿಯಿಂದ ನೆಲ ಮುಟ್ಟಿ ಬರುವ ಲೇಸರ್ ಕಿರಣದ ಉಪಕರಣ, ಅಂದರೆ ಲೈಡಾರ್, ಈ ತೊಂದರೆಯನ್ನು ಕಡಿಮೆ ಮಾಡುತ್ತದೆ, ಆದರೆ ಅದು ದುಬಾರಿ. ಪೊದೆ ತೆಗೆಸಿದ ಮೇಲೆ, ಹೂಳೆತ್ತುವ ಮೊದಲು ಸರ್ವೇ ಮಾಡಿಸುವುದು ಅಗ್ಗದ ದಾರಿ. ಕೆಲಸದ ಆದೇಶದಲ್ಲಿ ಒಂದು ಸಾಲು ಸೇರಿಸಿದರೆ ಸಾಕು.

ಇಷ್ಟು ಹೊತ್ತು ಹಣದ ಮಾತಾಯಿತು. ಜೀವದ ಮಾತು ಬಂದಾಗ ನನ್ನ ಮನಸ್ಸು ಶಿರೂರಿಗೆ ಹೋಗುತ್ತದೆ.

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆ ಪಕ್ಕ ಚಹಾ ಅಂಗಡಿ ನಡೆಸುತ್ತಿದ್ದ ಕುಟುಂಬ, ಅಲ್ಲಿ ಗಾಡಿ ನಿಲ್ಲಿಸಿದ್ದ ಚಾಲಕರು ಮಣ್ಣಿನೊಂದಿಗೆ ಗಂಗಾವಳಿ ನದಿಗೆ ಹೋದರು. ಕೇರಳದ ಲಾರಿ ಚಾಲಕರೊಬ್ಬರ ಶವ ಲಾರಿಯ ಸಮೇತ ನದಿಯ ತಳದಿಂದ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಹುಡುಕಾಟದಲ್ಲಿ ಮಣ್ಣು ನೀರಿನಡಿ ಲೋಹ ಎಲ್ಲಿದೆ ಎಂದು ಪತ್ತೆ ಮಾಡುವ ಡ್ರೋನ್ ಕೂಡ ಬಂದಿತ್ತು. ಇಡೀ ದೇಶ ಅದನ್ನು ಟಿವಿಯಲ್ಲಿ ನೋಡಿತು.

ಹೆದ್ದಾರಿ ಅಗಲ ಮಾಡಲು ಕರಾವಳಿಯುದ್ದಕ್ಕೂ ಗುಡ್ಡಗಳ ಬುಡ ಕಡಿದಿದ್ದಾರೆ. ನಮ್ಮ ಕರಾವಳಿಯಲ್ಲಿ ಬಹಳ ಕಡೆ ಮೇಲೆ ಗಟ್ಟಿ ಮುರಕಲ್ಲು, ಅದರ ಅಡಿಯಲ್ಲಿ ಶೇಡಿ ಮಣ್ಣು. ಒಣಗಿದಾಗ ಗೋಡೆಯಂತೆ ನಿಲ್ಲುವ ಶೇಡಿ, ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ. ಊರಿನ ಬಾವಿ ತೋಡುವವರಿಗೆ ಇದು ಚೆನ್ನಾಗಿ ಗೊತ್ತು. ಇಂಥ ಗುಡ್ಡವನ್ನು ನೆಟ್ಟಗೆ ಕಡಿದು ಬಿಟ್ಟರೆ ಕುಸಿಯುವ ಮುನ್ನ ಅದು ಗುರುತು ಕೊಡುವುದುಂಟು. ನೆತ್ತಿಯಲ್ಲಿ ಸೀಳು ಬಿಡುತ್ತದೆ, ಬುಡ ಸ್ವಲ್ಪ ಉಬ್ಬುತ್ತದೆ, ಮೇಲಿನ ಮರಗಳು ಓರೆಯಾಗುತ್ತವೆ. ರಸ್ತೆಯಲ್ಲಿ ನಿಂತವರಿಗೆ ನೆತ್ತಿಯ ಸೀಳು ಕಾಣುವುದಿಲ್ಲ. ಡ್ರೋನ್ ಇಟ್ಟುಕೊಂಡ ಎಂಜಿನಿಯರಿಗೆ ಅದು ಅರ್ಧ ಗಂಟೆಯ ಕೆಲಸ. ಮಳೆಗಾಲಕ್ಕೆ ಮೊದಲಿನ ರೂಪ, ಮಳೆ ಬಿಡುವು ಕೊಟ್ಟಾಗಿನ ರೂಪ ಎರಡನ್ನೂ ಹೋಲಿಸಿದರೆ ಗುಡ್ಡದ ಮೈ ಕೆಲವೇ ಸೆಂಟಿಮೀಟರ್ ಸರಿದಿದ್ದರೂ ಗೊತ್ತಾಗಬಲ್ಲದು.

ಡ್ರೋನ್ ಇದ್ದಿದ್ದರೆ ಶಿರೂರಿನವರು ಉಳಿಯುತ್ತಿದ್ದರು ಎಂದು ನಾನು ಹೇಳಲಾರೆ. ಹಾಗೆ ಹೇಳುವುದು ಸತ್ತವರ ಮನೆಯವರಿಗೆ ಮಾಡುವ ಅನ್ಯಾಯ. ಮಳೆ ಗಾಳಿ ಜೋರಿದ್ದಾಗ ಸಾಮಾನ್ಯ ಡ್ರೋನ್ ಹಾರುವುದೇ ಇಲ್ಲ. ಗುಡ್ಡ ಅತಿ ಹೆಚ್ಚು ಅಪಾಯದಲ್ಲಿರುವ ದಿನಗಳೂ ಅವೇ. ಆದರೆ 2021ರ ನಿಯಮದ ಪ್ರಕಾರ ರಾಷ್ಟ್ರೀಯ ಹೆದ್ದಾರಿಯ ಇಂಥ ಭಾಗಗಳ ತಿಂಗಳ ತಿಂಗಳ ವಿಡಿಯೊ ಇರಬೇಕು. ನಮಗೆ ಬೇಕಾದದ್ದು ರಸ್ತೆಯ ಡಾಂಬರನ್ನಷ್ಟೇ ತೋರಿಸುವ ವಿಡಿಯೊ ಅಲ್ಲ, ಕಡಿದ ಗುಡ್ಡದ ಮೈಯನ್ನೂ ನೆತ್ತಿಯನ್ನೂ ತೋರಿಸುವ ವಿಡಿಯೊ. ಹುಡುಕಲು ಡ್ರೋನ್ ತರಿಸಬಲ್ಲ ನಾವು, ಕಡಿಯುವ ಕಾಲದಲ್ಲೇ ಅದನ್ನು ಗುಡ್ಡದ ಕಡೆ ತಿರುಗಿಸುವಂತಾಗಬೇಕು ಎಂಬುದು ನನ್ನ ಒತ್ತಾಯ.

ಅದೇ ಹೆದ್ದಾರಿಯಲ್ಲಿ ಮೂರು ವಾರ ಕಳೆದು, ಆಗಸ್ಟ್ 7ರ ನಡುರಾತ್ರಿ ದಾಟಿದ ಮೇಲೆ, ಕಾರವಾರವನ್ನೂ ಸದಾಶಿವಗಡವನ್ನೂ ಸೇರಿಸುವ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿತ್ತು. ಒಂದು ಲಾರಿ ನದಿಗೆ ಬಿತ್ತು. ಚಾಲಕ ಬದುಕಿದರು. ನಾಲ್ಕು ದಶಕ ದಾಟಿದ ಸೇತುವೆ, ಉಪ್ಪು ಗಾಳಿ, ಪಕ್ಕದಲ್ಲಿ ಹೊಸ ಸೇತುವೆ.

ಸೇತುವೆಯ ಆರೋಗ್ಯ ಇರುವುದು ಅಡಿಯಲ್ಲಿ. ಗರ್ಡರ್ ಕಂಬದ ಮೇಲೆ ಕೂರುವ ಜಾಗ, ಅಲ್ಲಿನ ಬೇರಿಂಗ್, ಕಾಂಕ್ರೀಟ್ ಉದುರಿ ತುಕ್ಕು ಹಿಡಿದ ಕಂಬಿ ಹೊರಬಂದ ಜಾಗ, ಇವೆಲ್ಲ ಮೇಲೆ ಓಡಾಡುವವರ ಕಣ್ಣಿಗೆ ಬೀಳುವುದಿಲ್ಲ. ನೋಡಬೇಕಾದರೆ ದೋಣಿಯಲ್ಲಿ ಹೋಗಬೇಕು, ಹಗ್ಗ ಕಟ್ಟಿ ಇಳಿಯಬೇಕು, ಇಲ್ಲವೇ ಉದ್ದ ತೋಳಿನ ವಾಹನ ತಂದು ಅರ್ಧ ರಸ್ತೆ ಮುಚ್ಚಬೇಕು. ಅಗಲವಾದ ನದೀಮುಖಗಳ ಮೇಲೆ ಇದೆಲ್ಲ ಕಷ್ಟ, ಹಾಗಾಗಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಡ್ರೋನ್ ಇಲ್ಲಿ ನಿಜಕ್ಕೂ ಉಪಕಾರಿ. ಸೇತುವೆಯಡಿ ಉಪಗ್ರಹದ ಸಂಕೇತ ಸರಿಯಾಗಿ ಸಿಗದ ಕಾರಣ ಸುತ್ತಲಿನ ಗೋಡೆ ಕಂಬಗಳನ್ನು ತಾನೇ ನೋಡಿ ದಾರಿ ಹಿಡಿಯುವ, ಕ್ಯಾಮೆರಾವನ್ನು ಮೇಲಕ್ಕೂ ತಿರುಗಿಸಬಲ್ಲ ಡ್ರೋನ್ ಬೇಕು. ಅಂಥವು ಬಂದಿವೆ. 2023ರ ನವೆಂಬರ್‌ನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ 41 ಕಾರ್ಮಿಕರು ಸಿಕ್ಕಿಹಾಕಿಕೊಂಡಿದ್ದಾಗ ಒಳಗಿನ ಸ್ಥಿತಿ ತಿಳಿಯಲು ಇಂಥ ಡ್ರೋನ್ ಒಯ್ದದ್ದು ಬೆಂಗಳೂರಿನ ಒಂದು ತಂಡ.

ಬಿರುಕು ಹುಡುಕುವ ಕೆಲಸ ಮಾತ್ರ ಜಾಹೀರಾತಿನಲ್ಲಿ ತೋರಿಸುವಷ್ಟು ಸುಲಭವಲ್ಲ. ಕಾಂಕ್ರೀಟಿನ ಭಾರತೀಯ ಮಾನಕ ಐ.ಎಸ್. 456 ಸಾಮಾನ್ಯವಾಗಿ 0.3 ಮಿಲಿಮೀಟರ್ ಅಗಲದವರೆಗಿನ ಬಿರುಕನ್ನು ಒಪ್ಪುತ್ತದೆ, ತೇವದ ಜಾಗದಲ್ಲಿ 0.2 ಮಾತ್ರ. ಮೇಲೆ ಹೇಳಿದ ಸರ್ವೇ ಕ್ಯಾಮೆರಾದಲ್ಲಿ ಒಂದು ಚುಕ್ಕೆ 0.3 ಮಿಲಿಮೀಟರಿಗೆ ಸಮನಾಗಬೇಕಾದರೆ ಡ್ರೋನ್ ಸೇತುವೆಯಿಂದ ಸುಮಾರು ಒಂದು ಮೀಟರ್ ಹತ್ತಿರಕ್ಕೆ ಬರಬೇಕು. ನದಿಯ ಗಾಳಿಯಲ್ಲಿ ಅದು ಹುಡುಗಾಟವಲ್ಲ. ದೊಡ್ಡ ಸೆನ್ಸರ್, ದೂರದ ಮಸೂರ ಇದ್ದರೆ ಸ್ವಲ್ಪ ಹಿಂದೆ ನಿಲ್ಲಬಹುದು. ಆದ್ದರಿಂದ 'ಡ್ರೋನ್ ತಪಾಸಣೆ ಮಾಡಿದೆವು, ಬಿರುಕಿಲ್ಲ' ಎಂಬ ವರದಿ ಬಂದರೆ ಕೇಳಬೇಕಾದ ಮೊದಲ ಪ್ರಶ್ನೆ, ಎಷ್ಟು ದೂರದಿಂದ ನೋಡಿದಿರಿ ಎಂಬುದು.

ಉಷ್ಣ ಕ್ಯಾಮೆರಾ ಇನ್ನೊಂದು ಸಾಧನ. ಕಾಂಕ್ರೀಟಿನ ಮೇಲ್ಪದರ ಒಳಗಿನಿಂದ ಬಿಟ್ಟುಕೊಂಡು ನಡುವೆ ಗಾಳಿ ಸೇರಿದ್ದರೆ, ಬಿಸಿಲಿಗೆ ಆ ಭಾಗ ಸುತ್ತಲಿಗಿಂತ ಬೇಗ ಕಾಯುತ್ತದೆ, ರಾತ್ರಿ ಬೇಗ ಆರುತ್ತದೆ. ಚಿತ್ರದಲ್ಲಿ ಅದು ಬೇರೆ ಬಣ್ಣದ ಕಲೆಯಾಗಿ ಕಾಣುತ್ತದೆ. ಆದರೆ ಅನುಭವಿ ಎಂಜಿನಿಯರ್ ಸುತ್ತಿಗೆಯಿಂದ ತಟ್ಟಿ, ಟೊಳ್ಳು ಸದ್ದು ಕೇಳಿ ಹೇಳುವ ಖಚಿತ ಮಾತನ್ನು ಆ ಕಲೆ ಹೇಳುವುದಿಲ್ಲ. ಎಲ್ಲಿ ತಟ್ಟಬೇಕೆಂದು ಡ್ರೋನ್ ತೋರಿಸಲಿ, ತಟ್ಟುವುದನ್ನು ಮನುಷ್ಯರು ಮಾಡಲಿ.

ಡ್ರೋನ್‌ಗೆ ಸಾಧ್ಯವೇ ಇಲ್ಲದ್ದು ಯಾವುದೆಂದು ಬೆಂಗಳೂರಿನ ಪೀಣ್ಯ ಮೇಲ್ಸೇತುವೆ ತೋರಿಸಿಕೊಟ್ಟಿದೆ. ತುಮಕೂರು ರಸ್ತೆಯ ನಾಲ್ಕು ಕಿಲೋಮೀಟರಿಗೂ ಉದ್ದದ ಆ ಸೇತುವೆಯನ್ನು 2021ರ ಡಿಸೆಂಬರ್ 25ರಂದು ಮುಚ್ಚಿದರು. 102 ಮತ್ತು 103ನೇ ಕಂಬಗಳ ನಡುವೆ, ಸೇತುವೆಯನ್ನು ಬಿಗಿದು ಹಿಡಿದಿರುವ ಉಕ್ಕಿನ ಕೇಬಲ್‌ಗಳು ಕೆಟ್ಟಿದ್ದವು. ಫೆಬ್ರುವರಿಯಲ್ಲಿ ಹಗುರ ವಾಹನಗಳಿಗೆ ಬಿಟ್ಟರು. ಭಾರಿ ವಾಹನಗಳು ಮತ್ತೆ ಏರಿದ್ದು 2024ರ ಜುಲೈ ಕೊನೆಯಲ್ಲಿ. ಆ ಕೇಬಲ್‌ಗಳು ಇರುವುದು ಕಾಂಕ್ರೀಟಿನ ಒಳಗಿನ ನಾಳಗಳಲ್ಲಿ. ಕೇಬಲ್ ಎಳೆದು ಬಿಗಿದ ಮೇಲೆ ನಾಳದೊಳಗೆ ಸಿಮೆಂಟ್ ಹಾಲು ತುಂಬಬೇಕು. ಎಲ್ಲೋ ಖಾಲಿ ಉಳಿದರೆ ನೀರು ಸೇರಿ ತುಕ್ಕು ಹಿಡಿಯುತ್ತದೆ, ಹೊರಗಿನ ಮೈ ನಯವಾಗಿಯೇ ಇರುತ್ತದೆ. ಡ್ರೋನ್ ಸಾವಿರ ಸುತ್ತು ಹಾಕಿದರೂ ಅದು ಕಾಣದು. ಸಿಮೆಂಟ್ ಹಾಲು ತುಂಬಿದ ದಿನ ಯಾರು ನಿಂತು ನೋಡಿದರು, ಏನು ಬರೆದಿಟ್ಟರು ಎಂಬುದೇ ಅಲ್ಲಿ ಉಳಿಯುವ ಭರವಸೆ. ಮಣ್ಣಿನ ಗಟ್ಟಿತನ, ಕಾಂಕ್ರೀಟಿನ ಬಲ, ಕಂಬಿಯ ಗಾತ್ರ ಇವಕ್ಕೂ ಇದೇ ಮಾತು. ಡ್ರೋನ್ ಬಂತೆಂದು ಸ್ಥಳದಲ್ಲಿರುವ ಎಂಜಿನಿಯರ್‌ಗಳನ್ನೂ ಪ್ರಯೋಗಾಲಯವನ್ನೂ ಕಡಿಮೆ ಮಾಡಲು ಹೊರಟರೆ ನಾವು ಕೆಟ್ಟೆವು.

ಕಂಡರೂ ನೋಡದಿರುವ ಸಮಸ್ಯೆ ಬೇರೆ. 2023ರ ಜನವರಿ 10ರಂದು ನಾಗವಾರದ ಬಳಿ ಹೊರವರ್ತುಲ ರಸ್ತೆಯಲ್ಲಿ ಮೆಟ್ರೊ ಕಂಬಕ್ಕಾಗಿ ನಿಲ್ಲಿಸಿದ್ದ ಕಂಬಿಗಳ ಪಂಜರ ಸ್ಕೂಟರ್ ಮೇಲೆ ಬಿದ್ದು ತಾಯಿ ಮತ್ತು ಪುಟ್ಟ ಮಗ ಸತ್ತರು. ಪಂಜರಕ್ಕೆ ಸಾಕಷ್ಟು ಆಸರೆ ಇರಲಿಲ್ಲವೆಂಬುದು ಆಮೇಲೆ ನಡೆದ ಪರಿಶೀಲನೆಯಲ್ಲಿ ಹೊರಬಂತು. ಅದು ಮಣ್ಣಿನಡಿ ಹುದುಗಿದ್ದ ದೋಷವಲ್ಲ. ನಗರದ ನಡುವೆ, ಎಲ್ಲರ ಕಣ್ಣೆದುರು ನಿಂತಿತ್ತು. ದಿನವೂ ಚಿತ್ರ ತೆಗೆದಿದ್ದರೂ, ಆ ಚಿತ್ರ ನೋಡಿ 'ಇವತ್ತು ಕೆಲಸ ನಿಲ್ಲಿಸಿ, ಮೊದಲು ಹಗ್ಗ ಬಿಗಿಯಿರಿ' ಎನ್ನುವ ಅಧಿಕಾರ ಮತ್ತು ಧೈರ್ಯ ಇರುವವರು ಆ ಕಡೆ ಇಲ್ಲದಿದ್ದರೆ ಏನು ಪ್ರಯೋಜನ? ಹೆದ್ದಾರಿ ಪ್ರಾಧಿಕಾರದ ನಿಯಮದಲ್ಲಿ ನನಗೆ ಮುಖ್ಯವಾಗಿ ಕಾಣುವುದು, ಸಲಹೆಗಾರರು ವಿಡಿಯೊ ನೋಡಿ ಬರೆಯಬೇಕಾದ ಅಭಿಪ್ರಾಯ. ಅಲ್ಲಿ 'ಸರಿಯಾಗಿದೆ' ಎಂದು ಬರೆದವರ ಹೆಸರು ಇರುತ್ತದೆ.

ಕಾಮಗಾರಿಯ ಮೇಲೆ ಡ್ರೋನ್ ಹಾರಿಸಲು ಕಾನೂನು ಈಗ ಮೊದಲಿನಷ್ಟು ಬಿಗಿಯಿಲ್ಲ. 2021ರ ಆಗಸ್ಟ್ 25ರಂದು ಬಂದ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಹಂಚಿವೆ. ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರ್‌ವರೆಗೆ ಹಾರಲು ಪ್ರತ್ಯೇಕ ಅನುಮತಿ ಬೇಡ. ಡ್ರೋನ್‌ಗೆ ನೋಂದಣಿ ಸಂಖ್ಯೆ ಬೇಕು, 250 ಗ್ರಾಂಗಿಂತ ಭಾರದ ಡ್ರೋನನ್ನು ವ್ಯಾಪಾರಕ್ಕಾಗಿ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಕು. ಬೆಂಗಳೂರಿನಲ್ಲಿ ಎಚ್‌ಎಎಲ್, ಯಲಹಂಕ, ಜಕ್ಕೂರು ನೆಲೆಗಳಿಂದಾಗಿ ನಗರದ ಬಹಳಷ್ಟು ಭಾಗಕ್ಕೆ ನಿರ್ಬಂಧವಿದೆ. ಕಾರವಾರದಲ್ಲಿ ಕದಂಬ ನೌಕಾನೆಲೆ ಇದೆ. ಹೀಗಾಗಿ ಅನುಮತಿಯ ಕಾಲವನ್ನೂ ಟೆಂಡರಿನಲ್ಲೇ ಲೆಕ್ಕ ಹಿಡಿಯಬೇಕು.

ಕೆಳಗೆ ಕೆಲಸ ಮಾಡುವವರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಎತ್ತರದ ಸಾರುವೆಯ ಮೇಲೆ ಮನುಷ್ಯರನ್ನು ಹತ್ತಿಸಿ ಪರೀಕ್ಷೆ ಮಾಡಿಸುವ ಬದಲು ಡ್ರೋನ್ ಕಳಿಸಿದರೆ ಒಂದು ಅಪಾಯ ಕಡಿಮೆಯಾಯಿತು. ಹೆಲ್ಮೆಟ್ ಹಾಕದವರನ್ನು ಫೋಟೊದಲ್ಲಿ ಗುರುತಿಸುವ ತಂತ್ರಾಂಶವೂ ಬಂದಿದೆ. ಅದನ್ನು ಕಲಬುರಗಿಯಿಂದಲೋ ರಾಯಚೂರಿನಿಂದಲೋ ಒಡಿಶಾದಿಂದಲೋ ಬಂದ ಕೂಲಿಗಳ ಸಂಬಳ ಕತ್ತರಿಸಲು ಬಳಸಬಾರದು. ಅಂಚಿಗೆ ಕಟಕಟೆ ಇದೆಯೇ, ಬಲೆ ಕಟ್ಟಿದ್ದಾರೆಯೇ, ಗುಂಡಿಯ ಬದಿಗೆ ಆಸರೆ ಕೊಟ್ಟಿದ್ದಾರೆಯೇ, ಹೆಲ್ಮೆಟ್ ಕೊಟ್ಟಿದ್ದಾರೆಯೇ ಎಂದು ಮಾಲೀಕನನ್ನು ಕೇಳಲು ಅದು ಬಳಕೆಯಾಗಲಿ. ಕಾರ್ಮಿಕರ ಶೆಡ್ಡುಗಳ ಮೇಲೆ, ಹೆಣ್ಣುಮಕ್ಕಳು ಸ್ನಾನ ಮಾಡುವ ಮರೆಯ ಮೇಲೆ ಕ್ಯಾಮೆರಾ ಹೋಗಬಾರದು ಎಂಬುದನ್ನು ಹಾರಾಟದ ನಕ್ಷೆ ಬರೆಯುವಾಗಲೇ ತೀರ್ಮಾನಿಸಬೇಕು.

ಇನ್ನು ಈ ಚಿತ್ರಗಳು ಯಾರವು ಎಂಬ ಪ್ರಶ್ನೆ. ಸಾರ್ವಜನಿಕರ ಹಣದಲ್ಲಿ ಕಟ್ಟುವ ರಸ್ತೆ, ಸೇತುವೆ, ಕೆರೆಯ ಚಿತ್ರಗಳು ಕಚೇರಿಯ ಭಂಡಾರದಲ್ಲೇ ಇರುವುದು ಸರಿಯಲ್ಲ. ನೌಕಾನೆಲೆಯಂಥ ಸೂಕ್ಷ್ಮ ಜಾಗ ಬಿಟ್ಟು ಉಳಿದೆಲ್ಲವನ್ನೂ ಇಲಾಖೆಗಳು ತಾವಾಗಿಯೇ ಪ್ರಕಟಿಸಬೇಕು. ಅಲ್ಲಿಯವರೆಗೆ ಮಾಹಿತಿ ಹಕ್ಕು ಕಾಯ್ದೆ ಇದೆ. 2005ರ ಆ ಕಾಯ್ದೆಯ ಕಲಂ 2(ಜೆ) ಮಾಹಿತಿಯ ಹಕ್ಕು ಎಂದರೇನೆಂದು ಬಿಡಿಸುವಾಗ ಕಾಗದಪತ್ರಗಳ ಜೊತೆಗೆ ಕಾಮಗಾರಿಯ ಪರಿಶೀಲನೆಯನ್ನೂ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವುದನ್ನೂ, ವಿದ್ಯುನ್ಮಾನ ರೂಪದಲ್ಲಿ ಮಾಹಿತಿ ಪಡೆಯುವುದನ್ನೂ ಹೆಸರಿಸಿ ಸೇರಿಸಿದೆ. ಊರಿನ ಪಕ್ಕ ಗುಡ್ಡ ಕಡಿಯುತ್ತಿದ್ದರೆ, ಕೆರೆಯ ಹೂಳೆತ್ತುತ್ತಿದ್ದರೆ, ಅರ್ಜಿಯಲ್ಲಿ ಹೀಗೆ ಕೇಳಬಹುದು: ಕೆಲಸ ಶುರುವಾಗುವ ಮೊದಲಿನ ಮತ್ತು ಕಳೆದ ತಿಂಗಳಿನ ಡ್ರೋನ್ ವಿಡಿಯೊ, ಸರ್ವೇ ಆಗಿದ್ದರೆ ನೆಲದ ಗುರುತುಗಳ ಪಟ್ಟಿ ಮತ್ತು ತಾಳೆ ನೋಡಿದ ಪುಟ, ಎಷ್ಟು ಎತ್ತರದಿಂದ, ಯಾವ ದಿನ ಹಾರಿಸಿದರು ಎಂಬ ವಿವರ, ವಿಡಿಯೊ ನೋಡಿದ ಸಲಹೆಗಾರರು ಅದರ ಮೇಲೆ ಬರೆದ ಅಭಿಪ್ರಾಯದ ಪ್ರತಿ. ಅರ್ಜಿ ಶುಲ್ಕ ರಾಷ್ಟ್ರೀಯ ಹೆದ್ದಾರಿಯದ್ದಾದರೆ 10 ರೂಪಾಯಿ. ಉತ್ತರಕ್ಕೆ ಕಾಯ್ದೆ ಕೊಟ್ಟಿರುವ ಗಡುವು 30 ದಿನ, ಅಂದರೆ ಮುಂದಿನ ತಿಂಗಳ ಡ್ರೋನ್ ಹಾರುವ ಹೊತ್ತಿಗೆ ಹಿಂದಿನದು ಕೈಗೆ ಬಂದಿರಬೇಕು.